ರಾತ್ರಿ ಲಕ್ವಾ ಹೊಡೆದರೆ ಸಿ.ಟಿ. ಕೋಣೆಯ ಕೀಲಿ ಯಾರ ಬಳಿ ಇರುತ್ತದೆ?

ಮಾನ್ಯ ಆರೋಗ್ಯ ಸಚಿವರಿಗೆ,

ಕಲಬುರಗಿಯಿಂದ ನಮಸ್ಕಾರ. ಲಕ್ವಾಕ್ಕೆ ಮದ್ದಿಲ್ಲ ಎನ್ನುವ ಕಾಲ ಎಂದೋ ಹೋಯಿತು. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಲಕ್ವಾ ಹೊಡೆದ ನಾಲ್ಕೂವರೆ ತಾಸಿನೊಳಗೆ ಈ ಇಂಜೆಕ್ಷನ್ ಬೀಳಬೇಕು ಎಂಬ ನಿಯಮ ತಮಗೆ ಗೊತ್ತಿರುವುದೇ.

ಈ ಭಾಗದ ಒಂದು ಸರ್ಕಾರಿ ಆಸ್ಪತ್ರೆಗೆ ರೋಗಿಯೊಬ್ಬರು ಲಕ್ವಾ ಹೊಡೆದ ಅರ್ಧ ತಾಸಿನಲ್ಲೇ ಬಂದರು. ಮಿದುಳಿನ ಒಳಚಿತ್ರ ತೆಗೆಯುವ ಸಿ.ಟಿ. ಯಂತ್ರ ಇತ್ತು, ಕೋಣೆಗೆ ಬೀಗವೂ ಇತ್ತು. ಟೆಕ್ನೀಷಿಯನ್ ಮುಂಜಾನೆ ಬರುತ್ತಾರಂತೆ! ಸಲೈನ್ ಹಚ್ಚಿ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಕೊಟ್ಟರು. ಚೀಟಿಯಲ್ಲಿ ಬಿ.ಪಿ. ಇತ್ತು, ವಯಸ್ಸಿತ್ತು. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದೊಂದೇ ಇರಲಿಲ್ಲ. ಆ ಗಂಟೆ ತಿಳಿಯದೆ ಮುಂದಿನ ಡಾಕ್ಟರು ಇಂಜೆಕ್ಷನ್ ಕೊಡುವುದು ಹೇಗೆ? ನಾಟಿ ಎಣ್ಣೆ ತಿಕ್ಕಿಸಲು ಹೋಗುತ್ತಾರೆಂದು ಜನರನ್ನು ಬೈಯುವವರು ಈ ಚೀಟಿಯನ್ನೂ ಒಮ್ಮೆ ನೋಡಲಿ.

ಈಗಂತೂ ಕೆಲಸ ಇನ್ನೂ ಸುಲಭ. 60 ಕೆ.ಜಿ. ತೂಕದವರಿಗೆ ಆಲ್ಟಿಪ್ಲೇಸ್ ಆದರೆ 54 ಮಿ.ಗ್ರಾಂ.; ಹತ್ತನೇ ಒಂದು ಪಾಲು ಮೊದಲು ಕೊಟ್ಟು, ಉಳಿದದ್ದನ್ನು ಪಂಪಿನಲ್ಲಿ ಒಂದು ತಾಸು ಹರಿಸಬೇಕು. ಹೆಪ್ಪು ಕರಗಿಸುವ ಇನ್ನೊಂದು ಔಷಧ ಟೆನೆಕ್ಟಿಪ್ಲೇಸ್ ಆದರೆ 15 ಮಿ.ಗ್ರಾಂ., ಒಂದೇ ಸಲಕ್ಕೆ ಮುಗಿಯಿತು. ಎಷ್ಟೇ ತೂಕವಿದ್ದರೂ 25 ದಾಟುವಂತಿಲ್ಲ. ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತಕ್ಕೆಂದು ತಾಲ್ಲೂಕಿಗೆ ಕಳಿಸುತ್ತಿರುವುದೂ ಇದೇ ಔಷಧ. ಹೃದಯಾಘಾತಕ್ಕೆ ಕೊಡುವ ಪ್ರಮಾಣದ ಹೆಚ್ಚೂಕಡಿಮೆ ಅರ್ಧ ಲಕ್ವಾಕ್ಕೆ ಸಾಕು. ಆದರೆ ಸಿ.ಟಿ. ಇಲ್ಲದೆ ಮುಟ್ಟುವ ಹಾಗಿಲ್ಲ: ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಇದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. ಬಿ.ಪಿ. 185/110ರ ಕೆಳಗಿಳಿಸಬೇಕು, ಸಕ್ಕರೆ ನೋಡಬೇಕು; ಸಕ್ಕರೆ ಕುಸಿದರೂ ಲಕ್ವಾದಂತೆಯೇ ಕಾಣುತ್ತದೆ. ಇದೆಲ್ಲ ತಾಲ್ಲೂಕಿನ ಡ್ಯೂಟಿ ಡಾಕ್ಟರು ಮಾಡಬಲ್ಲ ಕೆಲಸ. ದೊಡ್ಡ ನಾಳದ ಹೆಪ್ಪನ್ನು ತೊಡೆಯ ಮೂಲಕ ಕೊಳವೆ ಹಾಕಿ ತೆಗೆಯಲು ದೊಡ್ಡ ಕೇಂದ್ರವೇ ಬೇಕು, ಒಪ್ಪುತ್ತೇವೆ. ಆದರೆ ಇಂಜೆಕ್ಷನ್ ಕೊಟ್ಟು ಕಳಿಸುವುದಕ್ಕೂ ಚೀಟಿ ಕೊಟ್ಟು ಕಳಿಸುವುದಕ್ಕೂ ವ್ಯತ್ಯಾಸವಿದೆ, ಸ್ವಾಮಿ.

ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಸಿ.ಟಿ. ಯಂತ್ರವಿರುವ ಪ್ರತಿ ಸರ್ಕಾರಿ ಆಸ್ಪತ್ರೆಗೆ ರಾತ್ರಿ ಪಾಳಿಯ ಟೆಕ್ನೀಷಿಯನ್ ಕೊಡಿ. ಚಿತ್ರವನ್ನು ಫೋನಿನಲ್ಲೇ ನೋಡಿ ಹೇಳುವ ತಜ್ಞರೊಬ್ಬರನ್ನು ಪಾಳಿಯಲ್ಲಿಡಿ. ಲಕ್ವಾಕ್ಕೆಂದೇ ಟೆನೆಕ್ಟಿಪ್ಲೇಸ್ ದಾಸ್ತಾನಿಡಿ. 108ರ ಸಿಬ್ಬಂದಿ ರೋಗಿ ಸರಿಯಾಗಿದ್ದ ಕೊನೆಯ ಗಂಟೆ ಬರೆದುಕೊಂಡು, ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಲಿ.

ದುಡ್ಡಿಲ್ಲ ಎನ್ನಬೇಡಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕಟ್ಟಡಗಳಿಗೆ ಸಿಗುವ ಹಣ ರಾತ್ರಿ ಪಾಳಿಯ ಸಂಬಳಕ್ಕೆ ಯಾಕೆ ಸಿಗುವುದಿಲ್ಲ? ಸುರಪುರದ ರೋಗಿ ಕಲಬುರಗಿ ಮುಟ್ಟುವುದಕ್ಕೇ ಎರಡು ತಾಸು ಬೇಕು. ಬೀಗ ತೆಗೆಯುವವರನ್ನು ಹುಡುಕಲು ಇನ್ನೆಷ್ಟು?

ಮೊದಲು ರಾತ್ರಿ ಪಾಳಿಯ ಆದೇಶ ಹೊರಡಿಸಿ. ಅದರ ಪ್ರತಿಯನ್ನು ಆಸ್ಪತ್ರೆಯ ಬಾಗಿಲಿಗೆ ಅಂಟಿಸಿ, ಪಾಳಿಯಲ್ಲಿರುವವರ ಫೋನ್ ನಂಬರಿನ ಸಮೇತ.

ಇಂತಿ,
ಕಲಬುರಗಿಯ ನಾಗರಿಕರು