ಮೊದಲು ನಿನ್ನ ದಿನಚರಿ ಓದು

ಪ್ರೀತಿಯ ತಂಗಿ,

ನಿನ್ನ ಪತ್ರ, ವರ್ಷಾಂತ್ಯದ ಪ್ರಬಂಧ, ದಿನಚರಿಯ ಕೆಲವು ಪುಟಗಳ ಜೆರಾಕ್ಸ್ ಎಲ್ಲವೂ ತಲುಪಿದವು. ‘ಈ ವರ್ಷ ಪೂರ್ತಿ ದಂಡವಾಯಿತು, ಇನ್ನು ಬರೆಯುವುದನ್ನೂ ಬಿಡುತ್ತೇನೆ’ ಎಂದಿದ್ದೀಯಲ್ಲ, ಓದಿ ಸಂಕಟವಾಯಿತು. ಆಮೇಲೆ ದಿನಚರಿಯ ಪುಟಗಳನ್ನು ಓದಿದೆ. ಸಿಟ್ಟು ಬಂತು.

ಬೆಳಿಗ್ಗೆ ಬರೆಯಬೇಕೋ ರಾತ್ರಿಯೋ, ನೋಟ್‌ಬುಕ್ಕಿನಲ್ಲೋ ಮೊಬೈಲಿನಲ್ಲೋ, ದಿನಕ್ಕೆಷ್ಟು ಪುಟ ಎಂದೆಲ್ಲ ಕೇಳಿದ್ದೀಯ. ನಿನಗೆ ಹೇಗೆ ಅನುಕೂಲವೋ ಹಾಗೆ ಬರೆ, ತಾರೀಖು ಮಾತ್ರ ತಪ್ಪದೆ ಹಾಕು. ನಾನು ಹೇಳಬೇಕಾದದ್ದು ಬೇರೆ ಇದೆ.

‘ಏಪ್ರಿಲ್‌ನಲ್ಲಿ ಕೆಲಸ ಹೋದ ದಿನದಿಂದ ಪೆನ್ನು ಮುಟ್ಟಲಿಲ್ಲ’ ಎಂದು ಪ್ರಬಂಧದಲ್ಲಿ ಬರೆದಿದ್ದೀಯ. ನೀನೇ ಕಳಿಸಿದ ಪುಟಗಳಲ್ಲಿ ಮೇ ತಿಂಗಳಿನದಿದೆ, ಜುಲೈಯದೂ ಇದೆ. ಜುಲೈ ಪುಟದಲ್ಲಿ ಒಂದು ಕಥೆಯ ಆರಂಭವೇ ಇದೆ, ಅದೂ ಈ ಪ್ರಬಂಧಕ್ಕಿಂತ ಎಷ್ಟೋ ಚೆನ್ನಾಗಿ. ಗೆಳತಿಯ ಜೊತೆಗಿನ ಜಗಳದ ವಿಷಯಕ್ಕೆ ಬಂದರೆ, ಪ್ರಬಂಧದಲ್ಲಿ ನೀನು ಬರೀ ನೊಂದವಳು, ಅವಳು ಬಿಟ್ಟುಹೋದವಳು. ಅದೇ ರಾತ್ರಿಯ ದಿನಚರಿಯಲ್ಲಿ ‘ನಾನೂ ಆಡಬಾರದ ಮಾತು ಆಡಿದೆ’ ಎಂಬ ಸಾಲಿದೆ. ಆ ಸಾಲು ಎಲ್ಲಿ ಹೋಯಿತು? ಪ್ರಬಂಧಕ್ಕೆ ಕೂರುವ ಮುಂಚೆ ನೀನು ನಿನ್ನ ದಿನಚರಿಯನ್ನು ತೆರೆದೇ ಇಲ್ಲ. ಡಿಸೆಂಬರಿನ ಬೇಸರವನ್ನೇ ಹನ್ನೆರಡೂ ತಿಂಗಳಿಗೆ ಸುಣ್ಣದ ಹಾಗೆ ಬಳಿದುಬಿಟ್ಟಿದ್ದೀಯ.

ನೆನಪನ್ನು ಅಷ್ಟು ನಂಬಬೇಡ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆದು ನಾಶವಾಯಿತು. ಆ ಸುದ್ದಿ ಕೇಳಿದಾಗ ನೀವೆಲ್ಲಿದ್ದಿರಿ, ಯಾರು ಹೇಳಿದರು ಎಂದು ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ಮರುದಿನವೇ ಕಾಲೇಜು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರನ್ನೇ ಮತ್ತೆ ಕೇಳಿದಾಗ ಬಹಳ ಜನರ ಉತ್ತರ ಮೊದಲಿನದಕ್ಕೆ ತಾಳೆಯಾಗಲಿಲ್ಲ. ತಪ್ಪು ಹೇಳಿದವರಲ್ಲೂ ಎಷ್ಟೋ ಮಂದಿಗೆ ತಮ್ಮ ನೆನಪೇ ಸರಿ ಎಂಬ ಖಾತ್ರಿ. ತಮ್ಮದೇ ಕೈಬರಹ ಮುಂದಿಟ್ಟರೂ ಮೊದಲಿನ ನೆನಪು ಮರಳಲಿಲ್ಲ. ತಮಗೆ ಲಾಭ ನಷ್ಟ ಏನೂ ಇಲ್ಲದ ಸಂಗತಿಯಲ್ಲೇ ಹೀಗಾದರೆ, ನಿನ್ನ ಮಾನ, ನಿನ್ನ ಜಗಳ, ನಿನ್ನ ಸೋಲಿನ ವಿಷಯದಲ್ಲಿ ಏನೇನು ಅಳಿಸಿಹೋಗಿರಬಹುದು, ಯೋಚಿಸು. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಕಂಡರೆ ಚಾರ್ಲ್ಸ್ ಡಾರ್ವಿನ್ ಕೂಡಲೇ ಬರೆದಿಟ್ಟುಕೊಳ್ಳುತ್ತಿದ್ದ, ಅಂಥವೇ ಬೇಗ ಮರೆತುಹೋಗುತ್ತವೆ ಎಂಬ ಕಾರಣಕ್ಕೆ. ನೀನು ಬರೆದಿಟ್ಟೂ ನೋಡಲಿಲ್ಲ!

ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಲಂಡನ್ನಿನಲ್ಲಿ ಶೀಘ್ರಲಿಪಿಯಲ್ಲಿ ದಿನಚರಿ ಬರೆದವನು. ವರ್ಷದ ಕೊನೆಯ ದಿನ ಕೂತು ಲೆಕ್ಕ ಹಾಕುವುದು ಅವನ ರೂಢಿ. 1665 ಪ್ಲೇಗಿನ ವರ್ಷ, ಲಂಡನ್ನಿನಲ್ಲಿ ಸಾವಿರಗಟ್ಟಲೆ ಜನ ಸತ್ತಿದ್ದರು. ಆ ಡಿಸೆಂಬರ್ 31ರಂದು ಅವನು ಬರೆದದ್ದೇನು ಗೊತ್ತೇ? ಈ ಪ್ಲೇಗಿನ ಕಾಲದಲ್ಲಿ ಬದುಕಿದಷ್ಟು ಸಂತೋಷವಾಗಿ ತಾನು ಎಂದೂ ಬದುಕಿರಲಿಲ್ಲ, ಇಷ್ಟು ಸಂಪಾದಿಸಿರಲೂ ಇಲ್ಲ ಎಂದು. ಆಸ್ತಿ 1,300 ಪೌಂಡಿನಿಂದ 4,400ಕ್ಕೆ ಏರಿತ್ತು, ಅದನ್ನೂ ಬರೆದಿದ್ದಾನೆ. ಅವನನ್ನು ಮೆಚ್ಚು ಎನ್ನುತ್ತಿಲ್ಲ. ಇಪ್ಪತ್ತು ವರ್ಷ ಬಿಟ್ಟು ನೆನಪಿನಿಂದ ಬರೆದಿದ್ದರೆ ಆ ವರ್ಷದಲ್ಲಿ ಶೋಕ ಒಂದೇ ಉಳಿಯುತ್ತಿತ್ತು, ಆ ಸಂತೋಷ ಖಂಡಿತ ಉಳಿಯುತ್ತಿರಲಿಲ್ಲ.

ಈ ವಿಷಯದಲ್ಲಿ ನನಗೊಂದು ಹಳೆಯ ಗಾಯವಿದೆ. ಅಪ್ಪ ತೀರಿಕೊಂಡ ವರ್ಷ ಒಬ್ಬ ಸಂಪಾದಕರು ವರ್ಷಾಂತ್ಯಕ್ಕೊಂದು ಲೇಖನ ಕೇಳಿದರು. ಸಾವಿನ ಮರುವಾರ ದಿನಚರಿಯಲ್ಲಿ ಬರೆದುಕೊಂಡಿದ್ದ ಮಾತನ್ನೇ ಅದರಲ್ಲಿ ಇಟ್ಟೆ: ದುಃಖಕ್ಕಿಂತ ಮೊದಲು ನನಗೆ ಬಂದದ್ದು ನಿರಾಳ. ವರ್ಷಗಟ್ಟಲೆ ಕಾಯಿಲೆ ನೋಡಿಕೊಂಡವರಿಗೆ ಅದು ಅರ್ಥವಾಗುತ್ತದೆ. ಸಂಪಾದಕರು ಆ ಪ್ಯಾರಾ ಕಿತ್ತುಹಾಕಿ, ‘ನೋವು ನನ್ನನ್ನು ಗಟ್ಟಿಗೊಳಿಸಿತು’ ಎಂಬ ಸಾಲನ್ನು ತಾವೇ ಸೇರಿಸಿ ಅಚ್ಚು ಹಾಕಿದರು. ಓದಿದವರೆಲ್ಲ ಆ ಸಾಲನ್ನೇ ಹೊಗಳಿದರು. ಆ ಸಂಪಾದಕರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಂಥ ಸಾಲುಗಳನ್ನು ಇನ್ನೊಬ್ಬರು ಸೇರಿಸಿದರೆ ಜಗಳವಾದರೂ ಆಡಬಹುದು. ನೀನೇ ಸೇರಿಸಿಕೊಂಡರೆ ಯಾರೊಡನೆ ಆಡುತ್ತೀ? ‘ಈ ವರ್ಷ ಕಲಿಸಿದ ಪಾಠಗಳು’ ಎಂಬ ನಿನ್ನ ಕೊನೆಯ ಪುಟವನ್ನು ಅದಕ್ಕೇ ಹರಿದುಹಾಕು ಎನ್ನುತ್ತಿದ್ದೇನೆ.

ಜನವರಿಯಿಂದ ಓದು. ಒಂದೇ ಸಲಕ್ಕೆ ಬೇಡ, ಕೆಲವು ಪುಟಗಳು ನಿನಗೆ ಅಳು ತರಿಸುತ್ತವೆ, ಅಲ್ಲಿ ಮುಚ್ಚಿಟ್ಟು ಎದ್ದು ಹೋಗು. ಒಂದಕ್ಷರವನ್ನೂ ತಿದ್ದಬೇಡ. ಅಂದು ಬರೆದದ್ದು ಇಂದು ಸುಳ್ಳೆನಿಸಿದರೆ ಹೊಸ ಹಾಳೆಯಲ್ಲಿ ಇಂದಿನ ತಾರೀಖು ಹಾಕಿ ಹಾಗೆಂದು ಬರೆ. ಎರಡೂ ಇರಲಿ. ವಾರಗಟ್ಟಲೆ ಏನೂ ಬರೆಯದ ಕಡೆ ಊಹೆಯಿಂದ ತುಂಬಿಸಬೇಡ. ಖಾಲಿ ಇತ್ತು ಎಂದೇ ಹೇಳು. ಆಮೇಲೆ ಪ್ರಬಂಧಕ್ಕೆ ಕೂರು, ಗೆಳತಿಯ ಪ್ರಸಂಗಕ್ಕೆ ಬಂದಾಗ ಆ ಒಂದು ಸಾಲನ್ನು ಬಿಡಬೇಡ. ಅದನ್ನು ಬರೆಯುವ ಧೈರ್ಯ ನಿನಗೆ ಆ ರಾತ್ರಿಯೇ ಇತ್ತು.

ಪ್ರಕಾಶಕರ ಬಗ್ಗೆ ಕೇಳಿದ್ದಕ್ಕೆ ಈಗ ಉತ್ತರಿಸುವುದಿಲ್ಲ. ಜುಲೈಯ ಕಥೆಯಲ್ಲಿ ಬಾಗಿಲು ತಟ್ಟಿದ ಮುದುಕನನ್ನು ಆ ಹುಡುಗಿ ಒಳಗೆ ಕರೆದಳೋ ಇಲ್ಲವೋ ನನಗೆ ತಿಳಿಯಬೇಕು. ಮುಂದಿನ ಪುಟಗಳಿದ್ದರೆ ಇದ್ದ ಹಾಗೇ ಕಳಿಸು, ಇಲ್ಲದಿದ್ದರೆ ಬರೆದು ಕಳಿಸು.

ನಿನ್ನ,
ಅಕ್ಕ