ಭಾನುವಾರದ ಚರ್ಚೆಗೆ: ರಾಜಕುಮಾರಿ ಮಾರ್ಗರೆಟ್

ಸದಸ್ಯರೆಲ್ಲರಿಗೂ ನಮಸ್ಕಾರ. ಈ ಭಾನುವಾರ ನಾವು ಫ್ರಾನ್ಸಿನ ದೊರೆ ಏಳನೆಯ ಲೂಯಿಯ ಮಗಳು ಮಾರ್ಗರೆಟ್‌ಳ ಬದುಕನ್ನು ಚರ್ಚಿಸಲಿದ್ದೇವೆ. ನಾರ್ಮಂಡಿಯ ಗಡಿಯಲ್ಲಿದ್ದ ವೆಕ್ಸಾಂ ಪ್ರಾಂತ್ಯವೂ ಜಿಸೋರ್ ಕೋಟೆಯೂ ಅವಳ ವರದಕ್ಷಿಣೆಯಾಗಿದ್ದವು. ಮದುವೆಯಾಗುವವರೆಗೆ ಕೋಟೆಗಳು ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರ ವಶದಲ್ಲಿರಬೇಕೆಂಬ ಒಪ್ಪಂದವಿದ್ದುದರಿಂದ, ಇಂಗ್ಲೆಂಡಿನ ಎರಡನೆಯ ಹೆನ್ರಿಯು 1160ರ ನವೆಂಬರಿನಲ್ಲಿ ತನ್ನ ಐದು ವರ್ಷದ ಮಗನಿಗೆ ಆ ಎಳೆಯ ಕೂಸನ್ನು ಮದುವೆ ಮಾಡಿಸಿ, ಕೋಟೆಗಳನ್ನು ತಕ್ಷಣವೇ ಪಡೆದುಕೊಂಡನು. ಲೂಯಿ ಕೆರಳಿದನು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಪ್ರಸಂಗ ಇದೇ.

1170ರಲ್ಲಿ ಗಂಡನಿಗೆ, ಅವನ ತಂದೆ ಬದುಕಿದ್ದಾಗಲೇ, ಪಟ್ಟ ಕಟ್ಟಿದಾಗ ಅವಳನ್ನು ಕೈಬಿಡಲಾಗಿತ್ತು. ಲೂಯಿ ಪ್ರತಿಭಟಿಸಿದ ಮೇಲೆ 1172ರಲ್ಲಿ ವಿಂಚೆಸ್ಟರಿನಲ್ಲಿ ಇಬ್ಬರಿಗೂ ಕಿರೀಟಧಾರಣೆಯಾಯಿತು. 1177ರಲ್ಲಿ ಹುಟ್ಟಿದ ಒಬ್ಬನೇ ಮಗ ಕೆಲವೇ ದಿನಗಳಲ್ಲಿ ತೀರಿಕೊಂಡನು, 1183ರಲ್ಲಿ ಗಂಡನೂ ಹೋದನು. ಆಗ ವೆಕ್ಸಾಂ ಯಾರದೆಂಬ ಜಗಳ ಮತ್ತೆ ಎದ್ದಿತು. ಅವಳ ಮಲತಮ್ಮ ಫಿಲಿಪ್ ಆಗ ಫ್ರಾನ್ಸಿನ ದೊರೆಯಾಗಿದ್ದನು. 1186ರಲ್ಲಿ ಹಂಗೇರಿಯ ಮೂರನೆಯ ಬೇಲಾನೊಡನೆ ಅವಳ ಎರಡನೆಯ ಮದುವೆ ನಡೆಯಿತು. 1196ರಲ್ಲಿ ಬೇಲಾ ತೀರಿಕೊಂಡ ಬಳಿಕ ಅವಳು ಜೆರುಸಲೇಮ್ ಇರುವ ಪವಿತ್ರ ಭೂಮಿಗೆ ಯಾತ್ರೆ ಹೊರಟು, 1197ರಲ್ಲಿ ಅಲ್ಲಿಯೇ ಮರಣಹೊಂದಿದಳು. ಅವಳನ್ನು ಟೈರ್ ನಗರದಲ್ಲಿ ಸಮಾಧಿ ಮಾಡಲಾಯಿತು.

ಇದೇ ಹೆಸರಿನ ಫ್ರೆಂಚ್ ರಾಜಕುಮಾರಿಯರು ಹಲವರಿರುವುದರಿಂದ, ಓದಿಕೊಂಡು ಬರುವಾಗ ದಯವಿಟ್ಟು ತಂದೆಯ ಹೆಸರನ್ನು ಗಮನಿಸಿರಿ.