ಅಪ್ಪನ ನಂಬರಿಗೆ ಹೋಗುವ ಒಟಿಪಿ

ಲೆಸ್ಟರ್, ಇಂಗ್ಲೆಂಡ್
ಜನವರಿ 2026

ಪ್ರೀತಿಯ ಅಕ್ಕನಿಗೆ,

ಪುತ್ತೂರಿನಲ್ಲಿ ಎಲ್ಲರೂ ಕ್ಷೇಮ ತಾನೇ? ನಾವು ಇಲ್ಲಿ ಚೆನ್ನಾಗಿದ್ದೇವೆ. ಚಳಿ ಮಾತ್ರ ಜೋರು. ನೀನು ಫೋನಿಗೆ ಸಿಗುವುದೇ ಗಡಿ ದಾಟಿ ಕಾಸರಗೋಡಿನ ಪೆರ್ಲದ ಮನೆಗೆ ಹೋದಾಗ. ಆಗ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಅವಳ ಕಣ್ಣಿನ ವಿಷಯ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಅಮ್ಮ ಹೇಳಿದಳು, "ಈ ಪ್ರಾಯಕ್ಕೆ ಇಷ್ಟು ಕಂಡರೆ ಸಾಕು ಮಗಾ, ಇನ್ನು ಆಸ್ಪತ್ರೆ ಎಲ್ಲ ಬೇಡ." ಕಣ್ಣು ಸರಿಯಿದೆ ಅಂತ ಹೇಳಿದ್ದಲ್ಲ ಅದು. ಬುಕ್ ಮಾಡುವ ಕಿರಿಕಿರಿಗೆ ಸೋತು ಹೇಳಿದ್ದು. ನನಗೆ ಸಂಕಟ ಆದದ್ದು ಅಲ್ಲೇ.

ಮಂಗಳೂರಿನ ಆ ಆಸ್ಪತ್ರೆಯಲ್ಲಿ ಅವಳ ಫೈಲು ಇರುವುದು ಅಪ್ಪನ ಮೊಬೈಲ್ ನಂಬರಿನಲ್ಲಿ. ಅಪ್ಪ ಹೋದ ಮೇಲೆ ಆ ಸಿಮ್ ಬಂದ್ ಆಯಿತು. ಆಪ್‌ನಲ್ಲಿ ದಿನ ಆರಿಸಿದರೆ ಒಟಿಪಿ ಈಗಲೂ ಅದೇ ನಂಬರಿಗೆ ಹೋಗುತ್ತದೆ. ನಂಬರ್ ಬದಲಿಸಲು ಹೋದರೆ ಅದಕ್ಕೂ ಹಳೇ ನಂಬರಿನ ಒಟಿಪಿ ಬೇಕು. ನಾನು ಇಲ್ಲಿಂದ ಫೋನ್ ಮಾಡಿದೆ. ಅದು ಒತ್ತಿ, ಇದು ಒತ್ತಿ, ಆಮೇಲೆ ಸಂಗೀತ, ಆಮೇಲೆ ಲೈನ್ ಕಟ್. ಕೊನೆಗೆ ಸಿಕ್ಕಿದ ಹುಡುಗಿ ಪಾಪ ಮರ್ಯಾದೆಯಿಂದಲೇ ಮಾತಾಡಿದಳು. ಆದರೆ "ಪೇಶಂಟೇ ಆಧಾರ್ ಹಿಡ್ಕೊಂಡು ಬರಬೇಕು ಸರ್" ಎಂದಳು. ಕಣ್ಣು ಮಂಜಾದ ಹೆಂಗಸು ಒಂದು ನಂಬರ್ ಬದಲಿಸಲು ಪೆರ್ಲದಿಂದ ಬಸ್ಸು ಹತ್ತಿ ಮಂಗಳೂರಿಗೆ ಹೋಗಬೇಕು. ಇದು ಯಾವ ನ್ಯಾಯ ಅಕ್ಕಾ?

ಹಿಂದೆಯೂ ಸುಲಭ ಇರಲಿಲ್ಲ, ಗೊತ್ತು. ಪೇಟೆಯ ನಮ್ಮ ಡಾಕ್ಟ್ರ ಕ್ಲಿನಿಕ್ಕಿಗೆ ಮೊದಲ ಬಸ್ಸಿಗೇ ಹೋಗಬೇಕಿತ್ತು. ಕಂಪೌಂಡರ್ ಮಾತ್ರೆ ಡಬ್ಬದ ರಟ್ಟು ಕತ್ತರಿಸಿ, ಕೆಂಪು ಶಾಯಿಯಲ್ಲಿ ನಂಬರ್ ಬರೆದು ಟೋಕನ್ ಮಾಡಿಟ್ಟಿದ್ದರು. ಎಷ್ಟೋ ಜನರ ಕೈ ಸೋಕಿ ಅದರ ಅಂಚು ಕಪ್ಪಾಗಿ ಮೆತ್ತಗಾಗಿತ್ತು. ಡಾಕ್ಟ್ರು ವಿಸಿಟ್‌ಗೆ ಯಾವುದೋ ಗುಡ್ಡೆಯ ಮನೆಗೆ ಹೋಗಿದ್ದರೆ ಮಧ್ಯಾಹ್ನದವರೆಗೂ ಬೆಂಚೇ ಗತಿ. ಜ್ವರ ಬಂದು ನಿನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದು ಇನ್ನೂ ನೆನಪಿದೆ. ಆದರೆ ಕಂಪೌಂಡರ್ ಆಗಾಗ ಹೊರಗೆ ಬಂದು ಎಲ್ಲರ ಮುಖ ನೋಡುತ್ತಿದ್ದರು, ಅಲ್ವಾ? ಉಬ್ಬಸದ ಅಜ್ಜ ಇದ್ದರೆ, ಹಸಿ ಬಾಣಂತಿ ಇದ್ದರೆ, ಅವರೇ ಮೊದಲು ಒಳಗೆ. ಟೋಕನ್ ಎಷ್ಟನೆಯದಾದರೂ ಸರಿ. ಯಾರೂ ತಕರಾರು ಮಾಡುತ್ತಿರಲಿಲ್ಲ.

ಮಂಗಳೂರಿನ ದೊಡ್ಡ ಡಾಕ್ಟರಾದರೆ ಕತೆ ಬೇರೆ. ಅಪ್ಪನಿಗೆ ಎದೆನೋವು ಬಂದ ವರ್ಷ ಎಸ್‌ಟಿಡಿ ಬೂತಿನಲ್ಲಿ ನಿಂತು ಡಯಲ್ ಮಾಡಿದ್ದೇ ಮಾಡಿದ್ದು. ಯಾವಾಗಲೂ ಎಂಗೇಜ್. ಹಿಂದೆ ಗಲ್ಫಿಗೆ ಮಾತಾಡಲು ಕಾದು ನಿಂತವರ ಸಾಲು. ಕಡೆಗೆ ಚಿಕ್ಕಪ್ಪನೇ ಹೋಗಿ ಹೆಸರು ಬರೆಸಿ ಬಂದರು. ಅಪ್ಪನನ್ನು ಕರೆದುಕೊಂಡು ಹೋದದ್ದು ಮತ್ತೊಂದು ದಿನ.

ಕಾಸರಗೋಡು 1956ರಲ್ಲೇ ಕೇರಳಕ್ಕೆ ಸೇರಿದರೂ ಕಾಯಿಲೆ ಅಂದರೆ ನಮ್ಮವರಿಗೆ ಮಂಗಳೂರೇ. ಅದರ ಕಷ್ಟ 2020ರ ಮಾರ್ಚ್‌ನಲ್ಲಿ ಕಂಡೆವಲ್ಲ. ಲಾಕ್‌ಡೌನ್‌ನಲ್ಲಿ ಕರ್ನಾಟಕದವರು ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ತಲಪಾಡಿಯ ಗಡಿ ಚೆಕ್‌ಪೋಸ್ಟಿನಲ್ಲಿ ಆಂಬುಲೆನ್ಸ್‌ಗಳನ್ನೇ ತಡೆದರು. ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, ಏಪ್ರಿಲ್‌ನಲ್ಲಿ, ತುರ್ತು ಇದ್ದವರನ್ನು ತಪಾಸಣೆ ಮಾಡಿ ಬಿಡುವುದು ಅಂತ ಆಯಿತು. ಪೆರ್ಲದ ಹತ್ತಿರವೇ ಇರುವ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದು ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆದದ್ದೂ ಅದೇ ಏಪ್ರಿಲ್‌ನಲ್ಲಿ. ನನಗೆ ಆ ಸಿಟ್ಟು ಇನ್ನೂ ಹೋಗಿಲ್ಲ.

ಇಲ್ಲಿ ಎಲ್ಲ ಸಲೀಸು ಅಂದುಕೊಳ್ಳಬೇಡ. ಇಲ್ಲಿನ ಸರಕಾರಿ ಆರೋಗ್ಯ ಸೇವೆ, ಎನ್‌ಎಚ್‌ಎಸ್, 1948ರಲ್ಲಿ ಶುರುವಾದದ್ದು. ಡಾಕ್ಟರನ್ನು ನೋಡಿ ಬಂದರೆ ಬಿಲ್ಲು ಅಂತ ಇಲ್ಲ, ಅದು ದೊಡ್ಡ ಮಾತು. ಆದರೆ ಡಾಕ್ಟರವರೆಗೆ ತಲುಪುವುದೇ ಕಷ್ಟ. ಬೆಳಗ್ಗೆ ಎಂಟಕ್ಕೆ ಲೈನ್ ತೆರೆಯುತ್ತದೆ. ಎಲ್ಲರೂ ಒಟ್ಟಿಗೇ ಫೋನ್ ಮಾಡುತ್ತಾರೆ. ನಮ್ಮ ಸರದಿ ಬರುವಷ್ಟರಲ್ಲಿ ಆ ದಿನದ ಜಾಗ ಮುಗಿದಿರುತ್ತದೆ, ನಾಳೆ ಮಾಡಿ ಅನ್ನುತ್ತಾರೆ. ಮಗಳಿಗೆ ಕಿವಿನೋವು ಬಂದಾಗ ರಾತ್ರಿಯಿಡೀ ಅತ್ತಳು. ಬೆಳಗ್ಗೆ ರಿಸೆಪ್ಶನ್‌ನವಳು ವಿಷಯ ಕೇಳಿ ಮೆಡಿಕಲ್ ಶಾಪಿಗೆ ಕಳಿಸಿದಳು. 2024ರ ಜನವರಿಯಿಂದ ಕಿವಿನೋವು, ಗಂಟಲುನೋವಿನಂಥ ಏಳು ತೊಂದರೆಗಳಿಗೆ ಫಾರ್ಮಸಿಸ್ಟೇ ನೋಡಿ ಔಷಧಿ ಕೊಡಬಹುದು. ಆತ ಬೆಳಕು ಬಿಟ್ಟು ಕಿವಿಯೊಳಗೆ ನೋಡಿದ, ಔಷಧಿ ಕೊಟ್ಟ. ಸಂಜೆಗೆ ಮಗು ನಿದ್ದೆ ಮಾಡಿತು.

ಹೋದ ಅಕ್ಟೋಬರ್‌ನಿಂದ ಡಾಕ್ಟರನ್ನು ನೋಡಲು ತುಂಬುವ ಆನ್‌ಲೈನ್ ಫಾರ್ಮು ಬೆಳಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ ತೆರೆದಿರಬೇಕು ಅಂತ ನಿಯಮ ಬಂದಿದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೆ. ಫೋನ್ ಮಾಡಿದವರನ್ನೂ, ನಡೆದುಕೊಂಡು ಬಂದವರನ್ನೂ ಹಾಗೆಯೇ ನೋಡಿಕೊಳ್ಳಬೇಕು. ಪಕ್ಕದ ಮನೆಯ ಗುಜರಾತಿ ಅಜ್ಜಿಗೆ ಫಾರ್ಮು ತುಂಬಲು ಬರುವುದಿಲ್ಲ. ಸೀದಾ ಕೌಂಟರಿಗೆ ಹೋಗಿ ನಿಲ್ಲುತ್ತಾರೆ, ಅಲ್ಲಿಯವರೇ ಕೇಳಿ ಕೇಳಿ ತುಂಬುತ್ತಾರೆ. ಅಮ್ಮನಂಥವರಿಗೆ ಬೇಕಾದದ್ದು ಇದೇ. ಆಪ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಬಂದು ನಿಂತವಳನ್ನು ಆಪ್‌ಗೆ ವಾಪಸ್ ಕಳಿಸಬಾರದು.

ಈಗ ನೀನು ಮಾಡಬೇಕಾದದ್ದು. ಅಮ್ಮನ ಆಧಾರ್‌ನಲ್ಲೂ ಅಪ್ಪನ ನಂಬರೇ ಇರಬೇಕು. ಆಧಾರ್ ಕೆಲಸ ಮಾಡುವ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಿನ್ನ ನಂಬರ್ ಹಾಕಿಸು. ಅಲ್ಲಿ ಬೆರಳಚ್ಚು ಕೊಟ್ಟರೆ ಸಾಕು, ಹಳೇ ನಂಬರಿನ ಒಟಿಪಿ ಕೇಳುವುದಿಲ್ಲ. ಅದಾದರೆ ಕೇರಳದ ಸರಕಾರಿ ಆಸ್ಪತ್ರೆಗಳ ಇ-ಹೆಲ್ತ್ ವೆಬ್‌ಸೈಟಿನಲ್ಲಿ ಅವಳ ಹೆಸರು ನೋಂದಾಯಿಸಬಹುದು, ಒಪಿ ಚೀಟಿ ಮನೆಯಲ್ಲೇ ಕೂತು ತೆಗೆಯಬಹುದು. ಕಣ್ಣನ್ನು ಮೊದಲು ಕಾಸರಗೋಡು ಜನರಲ್ ಆಸ್ಪತ್ರೆಯಲ್ಲೇ ತೋರಿಸೋಣ. ಪೊರೆ ಅಂತಾದರೆ ಆಪರೇಷನ್ ಎಲ್ಲಿ ಅಂತ ಆಮೇಲೆ ನೋಡಿದರಾಯಿತು. ಟೋಕನ್ ಮಲಯಾಳದಲ್ಲಿ ಕರೆಯುತ್ತಾರೆ. ಅಮ್ಮನಿಗೆ ಕೇಳಿದರೆ ಅರ್ಥವಾಗುತ್ತದೆ, ಬೋರ್ಡು ಓದಲು ಬರುವುದಿಲ್ಲ. ನೀನೋ ಭಾವನೋ ಜೊತೆಗೇ ಇರಿ. ಶುಗರ್, ಬಿಪಿಗೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರ ಸಾಕು. ಅದಕ್ಕೆಲ್ಲ ಸುಮ್ನೆ ಮಂಗಳೂರು ಬೇಡ.

ಖರ್ಚಿನ ಯೋಚನೆ ಮಾಡಬೇಡ, ಅದು ನನಗಿರಲಿ. ಯಾವ ದಿನ ಹೋಗುತ್ತೀರಿ ಅಂತ ಮೊದಲೇ ತಿಳಿಸು, ಹಿಂದಿನ ರಾತ್ರಿ ನಾನು ಅಮ್ಮನ ಹತ್ತಿರ ಮಾತಾಡಿ ಒಪ್ಪಿಸುತ್ತೇನೆ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ಇಂತಿ,
ನಿನ್ನ ತಮ್ಮ